ಕುಡಿತ ಬಿಡಲು ಬಂದವರಿಂದ ಇನ್ಶೂರೆನ್ಸ್ ನಂಬರ್ ಕೇಳುವುದರ ಬಗ್ಗೆ ದೂರು

ಇವರಿಗೆ,
ಮುಖ್ಯ ವೈದ್ಯರು,
ವ್ಯಸನಮುಕ್ತಿ ಮತ್ತು ಮಾನಸಿಕ ಆರೋಗ್ಯ ಕೇಂದ್ರ,
ಬೆಂಗಳೂರು

ಮಾನ್ಯರೇ,

ಹೋದ ಸೋಮವಾರ ಬೆಳಿಗ್ಗೆ ನನ್ನ ತಮ್ಮನನ್ನು ನಿಮ್ಮಲ್ಲಿಗೆ ಕರೆದುಕೊಂಡು ಬಂದಿದ್ದೆ. 9 ವರ್ಷದಿಂದ ಕುಡಿಯುತ್ತಿದ್ದಾನೆ. ಹಿಂದೆಲ್ಲ ನಾವೇ ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ದಿದ್ದೆವು. ಈ ಸಲ ಅವನೇ ರಾತ್ರಿ ಫೋನ್ ಮಾಡಿ, "ಅಕ್ಕ, ನಾಳೆ ಎಲ್ಲಾದ್ರೂ ತೋರಿಸೋಣ" ಅಂದ. ಆ ಮಾತಿಗಾಗಿ ಒಂದು ಮನೆ ಎಷ್ಟು ಕಾಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಡಾಕ್ಟರನ್ನು ನೋಡುವ ಮೊದಲೇ ಎಲ್ಲ ಕೆಟ್ಟಿತು. ಕೌಂಟರಿನಲ್ಲಿ ಹೆಸರು, ವಯಸ್ಸು ಬರೆದುಕೊಂಡು "ಇನ್ಶೂರೆನ್ಸ್ ಪಾಲಿಸಿ ನಂಬರ್ ಹೇಳಿ" ಅಂದರು. ಅಡ್ಮಿಟ್ ಆಗಲು ಬಂದಿಲ್ಲ, ಕ್ಲೇಮ್ ಮಾಡುವುದಿಲ್ಲ, 700 ರೂಪಾಯಿ ಫೀಸ್ ಈಗಲೇ ಕೊಡುತ್ತೇನೆ ಎಂದೆ. "ನಂಬರ್ ಹಾಕದಿದ್ರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗಲ್ಲ ಮೇಡಂ" ಎಂದರು. ಅದು ಬೇಡವಾದರೆ ಆಭಾ ನಂಬರ್, ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಯ ನಂಬರ್, ಕೊಡಿ ಅಂದರು. ಯಾಕೆ ಬೇಕು, ಯಾರು ನೋಡುತ್ತಾರೆ ಎಂದು ಕೇಳಿದರೆ ಉತ್ತರವಿಲ್ಲ. ನಮ್ಮ ಹಿಂದೆ ಆರೇಳು ಜನ ನಿಂತಿದ್ದರು. ಕೌಂಟರಿನ ಮೇಲೆ ರಿಜಿಸ್ಟರ್ ತೆರೆದೇ ಇತ್ತು. ನಮಗಿಂತ ಮೊದಲು ಬಂದವರ ಹೆಸರು, ಪಾಲಿಸಿ ನಂಬರ್, ಪಕ್ಕದಲ್ಲಿ 'ಆಲ್ಕೋಹಾಲ್' ಅಂತ ಬರೆದದ್ದು ನಿಂತಲ್ಲಿಂದಲೇ ಕಾಣುತ್ತಿತ್ತು. ನನ್ನ ತಮ್ಮನೂ ಅದನ್ನು ಓದಿದ.

ಅವನಿಗಿರುವುದು ಫ್ಯಾಕ್ಟರಿಯವರು ಮಾಡಿಸಿದ ಗ್ರೂಪ್ ಇನ್ಶೂರೆನ್ಸ್. ಆ ನಂಬರಿನಿಂದ ವಿಷಯ ಎಚ್‌ಆರ್‌ಗೆ ಗೊತ್ತಾಗಿ ಕೆಲಸ ಹೋದರೆ ಏನು ಗತಿ ಅಂತ ಅವನಿಗೆ ಭಯ. "ಹಾಗಾಗಲ್ಲ ಕಣಪ್ಪ" ಎಂದು ಧೈರ್ಯ ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. "ಬೇಡ ಬಾ ಅಕ್ಕ" ಅಂತ ಎದ್ದು ಹೊರಟೇಬಿಟ್ಟ. ಸಂಜೆ ಮತ್ತೆ ಕುಡಿದ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಎಂಬುದು ರೋಗಿಯ ಹಕ್ಕು ಎಂದು ಅದರ 23ನೇ ಸೆಕ್ಷನ್ ಹೇಳುತ್ತದೆ. ಆಭಾ ನಂಬರ್ ಮಾಡಿಸುವುದೇ ಕಡ್ಡಾಯವಲ್ಲ. ಇನ್ನು ಇನ್ಶೂರೆನ್ಸ್ ವಿಷಯಕ್ಕೆ ಬಂದರೆ, ಎಷ್ಟೋ ಪಾಲಿಸಿಗಳಲ್ಲಿ ಕುಡಿತದ ಚಿಕಿತ್ಸೆಗೆ ದುಡ್ಡೇ ಸಿಗುವುದಿಲ್ಲ. ಹೊರಗಿಡುವ ಚಿಕಿತ್ಸೆಗಳ ಪಟ್ಟಿಯಲ್ಲಿ ಅದನ್ನು ಹೆಸರಿಟ್ಟೇ ಬರೆದಿರುತ್ತಾರೆ. ಇದು ನಿಮಗೆ ನನಗಿಂತ ಜಾಸ್ತಿ ಗೊತ್ತು, ಅಲ್ವಾ? ಹಾಗಿದ್ದ ಮೇಲೆ ಬರೀ ಕೌನ್ಸೆಲಿಂಗಿಗೆ ಬಂದವನ ನಂಬರ್ ತೆಗೆದುಕೊಂಡು ಏನು ಮಾಡುತ್ತೀರಿ?

ಸಾಫ್ಟ್‌ವೇರಿನಲ್ಲಿ ಆ ಜಾಗವನ್ನು ಖಾಲಿ ಬಿಡಲು ಬರುವಂತೆ ಮಾಡಿಸಿ. ಕ್ಲೇಮ್‌ಗೆ ನಿಜವಾಗಿ ಬೇಕಿದ್ದರೆ ಒಳಗೆ ಕೂರಿಸಿ, ಕಾರಣ ಹೇಳಿ ಕೇಳಿ. ಆ ರಿಜಿಸ್ಟರನ್ನು ಮಾತ್ರ ಇವತ್ತೇ ಕೌಂಟರಿನಿಂದ ತೆಗೆಸಿ, ಅದಕ್ಕೆ ಯಾವ ಸಾಫ್ಟ್‌ವೇರೂ ಅಡ್ಡ ಬರುವುದಿಲ್ಲ. ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮೊದಲು ನಿಮಗೇ ದೂರು ಕೊಡುತ್ತಿದ್ದೇನೆ. 15 ದಿನದಲ್ಲಿ ಬರಹದಲ್ಲಿ ಉತ್ತರ ಬಾರದಿದ್ದರೆ ಇದೇ ಕಾಯ್ದೆಯಡಿ ಇಂಥ ದೂರು ಕೇಳುವ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಹೋಗುತ್ತೇನೆ.

ನಿಮ್ಮ ಡಾಕ್ಟರ ಬಗ್ಗೆ ಒಳ್ಳೆಯದನ್ನೇ ಕೇಳಿ ಬಂದಿದ್ದೆ. ತಮ್ಮನನ್ನು ಮತ್ತೆ ಒಪ್ಪಿಸಲು ನೋಡುತ್ತಿದ್ದೇನೆ. ನಂಬರ್ ಕೇಳುವುದಿಲ್ಲ ಅಂತ ನಿಮ್ಮಿಂದ ಒಂದು ಫೋನ್ ಬಂದರೆ ಅದನ್ನೇ ಅವನಿಗೆ ಹೇಳುತ್ತೇನೆ.

ಇಂತಿ,
ವಾಪಸ್ ಹೋದ ರೋಗಿಯ ಅಕ್ಕ