ಎಫ್‌ಐಆರ್ ಇಲ್ಲದಿದ್ರೂ ಚಿಕಿತ್ಸೆ ಕೊಡಲೇಬೇಕು

ಅಕ್ಕಂದಿರೇ, ತಂಗಿಯರೇ, ದಯವಿಟ್ಟು ಪೂರ್ತಿ ಓದಿ. ಹೋದ ತಿಂಗಳು ಅತ್ಯಾಚಾರಕ್ಕೆ ಒಳಗಾದ ಒಬ್ಬಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನಲ್ಲಿ ಕೇಳಿದ ಮೊದಲ ಮಾತು, "ಎಫ್‌ಐಆರ್ ಕಾಪಿ ಎಲ್ಲಿ?" ಅವಳು ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದಳು. ಹಾಗೆ ಕೇಳೋದೇ ತಪ್ಪು. ಅತ್ಯಾಚಾರ ಆದವರಿಗೆ ಸರ್ಕಾರಿ ಆಗಲಿ, ಖಾಸಗಿ ಆಗಲಿ, ಎಲ್ಲ ಆಸ್ಪತ್ರೆಯವರೂ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು, ಪೊಲೀಸರಿಗೆ ತಿಳಿಸೋದು ಅವರ ಕೆಲಸ, ಅದಕ್ಕಾಗಿ ಇವಳನ್ನು ಸ್ಟೇಷನ್ನಿಗೆ ಅಲೆಸುವ ಹಾಗಿಲ್ಲ.

ಯಾಕೆ ಇಷ್ಟು ಅವಸರ ಅಂದರೆ, ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ಬಿಡದೆ ತಗೋಬೇಕು. ಗರ್ಭ ತಡೆಯುವ ಮಾತ್ರೆಯೂ ಅಷ್ಟೇ, ಬೇಗ ತಗೊಂಡಷ್ಟೂ ಒಳ್ಳೆಯದು. ಹಾಕಿಕೊಂಡಿದ್ದ ಬಟ್ಟೆಯೇ ಸಾಕ್ಷಿ, ಒಗೆಯಬೇಡಿ, ಪೇಪರ್ ಕವರಿನಲ್ಲಿಡಿ, ಪ್ಲಾಸ್ಟಿಕ್ ಬೇಡ. ಸ್ನಾನ ಆಗಿಹೋಗಿದ್ದರೂ, ಮೂರು ದಿನ ದಾಟಿದ್ದರೂ ಹೋಗಿ. ಸಾಕ್ಷ್ಯಕ್ಕಾಗಿ ಮಾಡುವ ತಪಾಸಣೆ ಬೇಡ ಅಂತ ಅವಳು ಹೇಳಿದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎರಡು ಬೆರಳಿನ ಪರೀಕ್ಷೆ, ಅಂದರೆ ಹಿಂದೆ ಲೈಂಗಿಕ ಸಂಪರ್ಕ ಇತ್ತಾ ಅಂತ ಯೋನಿಯೊಳಗೆ ಬೆರಳು ಹಾಕಿ ನೋಡುವುದು, ಅದನ್ನು ಮಾಡಿದರೆ ಮಾಡಿದವರದೇ ದುರ್ನಡತೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಧೈರ್ಯವಾಗಿ ಬೇಡ ಅನ್ನಿ.

ಗಾಯ ಒಣಗಿದ ಮೇಲೂ ನಿದ್ದೆ ಬರಲ್ಲ, ಊಟ ಸೇರಲ್ಲ, ಯಾರಾದರೂ ಹಿಂದಿನಿಂದ ಕರೆದರೆ ಬೆಚ್ಚಿಬೀಳುತ್ತಾರೆ. ಅದನ್ನು "ನಾಟಕ" ಅನ್ನಬೇಡಿ, ಅದಕ್ಕೂ ಚಿಕಿತ್ಸೆ ಇದೆ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜೊತೆಗೆ ಬರಲು ಯಾರೂ ಇಲ್ಲದಿದ್ದರೆ ಗುಂಪಿನಲ್ಲಿ ಹಾಕಬೇಡಿ, ನನಗೊಬ್ಬಳಿಗೇ ಮೆಸೇಜ್ ಮಾಡಿ, ರಾತ್ರಿ ಆದರೂ ಬರ್ತೀನಿ.