ಮೊಗ್ಗು ಬರದಿದ್ದರೆ ನಡುವಿನ ಅಂಕಿಯನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೈತೋಟದ ಅಂಕಣದಲ್ಲಿ ಕಳೆದ ವಾರ ಓದುಗರೊಬ್ಬರು, ಕುಂಡದ ಗುಲಾಬಿ ಸೊಂಪಾಗಿ ಎಲೆ ಬಿಡುತ್ತಿದೆ, ಮೊಗ್ಗು ಮಾತ್ರ ಕಾಣುತ್ತಿಲ್ಲ, ಯಾವ ಗೊಬ್ಬರ ಹಾಕಲಿ ಎಂದು ಕೇಳಿದ್ದರು. ಚೀಲದ ಮೇಲಿನ ಮೂರು ಅಂಕಿಗಳಲ್ಲಿ ನಡುವಿನದು, ಅಂದರೆ ರಂಜಕದ್ದು, ದೊಡ್ಡದಿರುವ ಗೊಬ್ಬರವನ್ನು ವಾರಕ್ಕೊಮ್ಮೆ ಹಾಕಿ ಎಂಬ ಉತ್ತರ ಅಚ್ಚಾಗಿತ್ತು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದ ನನಗೆ ಅದನ್ನು ಓದಿ ಸುಮ್ಮನಿರಲಾಗಲಿಲ್ಲ. ಎಲೆಗೆ ಸಾರಜನಕ, ಹೂವಿಗೆ ರಂಜಕ, ಕಾಯಿಗೆ ಪೊಟ್ಯಾಷ್ ಎಂಬ ಪಾಠ ಬಾಯಿಗೆ ಸಲೀಸು. ಗಿಡಕ್ಕೆ ಈ ಪಾಠ ಯಾರೂ ಹೇಳಿಕೊಟ್ಟಿಲ್ಲ.

ಮೊದಲು ಆ ಅಂಕಿಗಳನ್ನೇ ನೋಡೋಣ. 19-19-19 ಎಂದರೆ ಮೂರೂ ಸಮಸಮ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಮೊದಲ ಅಂಕಿ ಸಾರಜನಕದ ಶೇಕಡಾವಾರು ತೂಕ, ಅದು ಸರಿ. ಎರಡನೆಯದು ರಂಜಕದ್ದಲ್ಲ, ರಂಜಕದ ಪೆಂಟಾಕ್ಸೈಡ್‌ನದು. ಮೂರನೆಯದು ಪೊಟ್ಯಾಸಿಯಂ ಆಕ್ಸೈಡ್‌ನದು. ಹಿಂದಿನ ರಸಾಯನಶಾಸ್ತ್ರಜ್ಞರು ಆಕ್ಸೈಡ್ ಲೆಕ್ಕದಲ್ಲಿ ಬರೆಯುತ್ತಿದ್ದರು; ಆ ರೂಢಿಯನ್ನು ಗೊಬ್ಬರದ ಚೀಲ ಇಂದಿಗೂ ಬಿಟ್ಟಿಲ್ಲ. ಎರಡನೇ ಅಂಕಿಯನ್ನು 0.436ರಿಂದ, ಮೂರನೆಯದನ್ನು 0.83ರಿಂದ ಗುಣಿಸಿದರೆ ಅಸಲು ಸಿಗುತ್ತದೆ. ಹೀಗಾಗಿ 19-19-19 ಗೊಬ್ಬರದ 1 ಗ್ರಾಂ ಅನ್ನು 1 ಲೀಟರ್ ನೀರಿಗೆ ಹಾಕಿದರೆ ಅದರಲ್ಲಿ 190 ಮಿಲಿಗ್ರಾಂ ಸಾರಜನಕ, ಸುಮಾರು 83 ಮಿಲಿಗ್ರಾಂ ರಂಜಕ, 158 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತವೆ.

ಈ 83 ಹೆಚ್ಚೋ ಕಡಿಮೆಯೋ? ಅಳೆಯಲು ಒಂದು ಹಳೆಯ ಮಾನದಂಡವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೆನಿಸ್ ಹೋಗ್ಲೆಂಡ್ ಮತ್ತು ಡೇನಿಯಲ್ ಆರ್ನನ್ ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ದ್ರಾವಣದ ಸೂತ್ರವನ್ನು 1938ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಲೀಟರಿಗೆ ಸಾರಜನಕ ಸುಮಾರು 210 ಮಿಲಿಗ್ರಾಂ, ಪೊಟ್ಯಾಸಿಯಂ 235, ರಂಜಕ ಬರೀ 31. ಅಷ್ಟರಲ್ಲೇ ಟೊಮೆಟೊ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಮೊಗ್ಗು ಬರಲೆಂದು ಕೊಳ್ಳುವ 0-52-34 ಗೊಬ್ಬರವನ್ನು ಲೀಟರಿಗೆ 1 ಗ್ರಾಂ ಹಾಕಿದರೆ ರಂಜಕ ಸುಮಾರು 227 ಮಿಲಿಗ್ರಾಂ ಆಗುತ್ತದೆ, ಅಂದರೆ ಹೋಗ್ಲೆಂಡ್ ಕೊಟ್ಟದ್ದರ ಏಳು ಪಟ್ಟಿಗೂ ಹೆಚ್ಚು. ಸಾರಜನಕ ಸೊನ್ನೆ. ಕಾಂಪೋಸ್ಟ್, ಎರೆಗೊಬ್ಬರ ಬೆರೆಸಿದ ಕುಂಡದಲ್ಲಿ ರಂಜಕ ಮೊದಲೇ ಸಾಕಷ್ಟಿರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಹೆಚ್ಚಾದರೆ ಏನಾಯಿತು, ಗಿಡ ಬೇಕಾದಷ್ಟು ತಗೊಂಡು ಉಳಿದದ್ದು ಬಿಡುತ್ತದಲ್ಲ ಎನ್ನುವವರಿದ್ದಾರೆ. ಹೊಲದಲ್ಲಿ ಒಂದಿಷ್ಟು ನಡೆದೀತು, ಕುಂಡದಲ್ಲಿ ನಡೆಯುವುದಿಲ್ಲ. ಮಿತಿಮೀರಿದ ರಂಜಕ ಕಬ್ಬಿಣ, ಸತು ಗಿಡಕ್ಕೆ ದಕ್ಕದಂತೆ ಅಡ್ಡಗಾಲು ಹಾಕುತ್ತದೆ. ತುದಿಯ ಚಿಗುರನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ: ಎಲೆಯ ಮೈ ನಿಂಬೆಹಳದಿ, ನರಗಳು ಮಾತ್ರ ಬಲೆ ಬಿಡಿಸಿದಂತೆ ಹಸಿರು. ಬುಡದ ಹಳೆ ಎಲೆಗಳು ಹಸಿರಾಗಿಯೇ ಇರುತ್ತವೆ. ಹಸಿವಾಗಿದ್ದರೆ, ಅಂದರೆ ಸಾರಜನಕದ ಕೊರತೆಯಾಗಿದ್ದರೆ, ಹಳದಿ ಶುರುವಾಗುವುದು ಬುಡದಿಂದ. ಈ ವ್ಯತ್ಯಾಸ ನೋಡದವರು ಹಳದಿ ಕಂಡ ಕೂಡಲೇ ಇನ್ನೊಂದು ಚಮಚ ಗೊಬ್ಬರ ಸುರಿಯುತ್ತಾರೆ. ಆಮೇಲೆ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಒಣಗುತ್ತದೆ. ಅದು ರೋಗವಲ್ಲ, ಉಪ್ಪು.

ಗುಲಾಬಿಯವರಷ್ಟೇ ಈ ನಂಬಿಕೆಗೆ ಬಿದ್ದಿಲ್ಲ. ಮನೆಯಲ್ಲಿ ಗಾಂಜಾ ಗಿಡ ಬೆಳೆಸಲು ಕಾನೂನು ಒಪ್ಪುವ ದೇಶಗಳಲ್ಲೂ ಹೂ ಬಿಡುವ ಹೊತ್ತಿಗೆಂದು ರಂಜಕ ತುಂಬಿದ ಬಾಟಲಿಗಳು ಬೇರೆಯಾಗಿಯೇ ಮಾರಾಟಕ್ಕಿವೆ. ಬೆಳೆ ಯಾವುದೇ ಇರಲಿ, ಬಾಟಲಿಯ ಮೇಲೆ ಹೂವಿನ ಚಿತ್ರವಿದ್ದರೆ ಸಾಕು, ಒಳಗಿನದನ್ನು ಯಾರೂ ಕೇಳುವುದಿಲ್ಲ. ನನಗಂತೂ ಆ ಚಿತ್ರ ಬಿಡಿಸಿದವರ ಬಗ್ಗೆಯೇ ಹೆಚ್ಚು ಮೆಚ್ಚುಗೆ.

ಹಾಗಾದರೆ ಆ ಗುಲಾಬಿ ಮೊಗ್ಗು ಬಿಡದ್ದೇಕೆ? ನಿಮ್ಮ ಅಂಕಣಕಾರರು ಬಿಸಿಲಿನ ಮಾತೇ ಎತ್ತಲಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಗುಲಾಬಿ ಇಟ್ಟು ಗೊಬ್ಬರ ಬದಲಿಸುತ್ತಾ ಕೂತರೆ ಪ್ರಯೋಜನವಿಲ್ಲ. ಬಿಸಿಲಿದ್ದರೆ ಮುಂದಿನ ಪ್ರಶ್ನೆ ಕತ್ತರಿಯದು, ಅಂದರೆ ಹೊಸ ಚಿಗುರು ಒಡೆಯುವಂತೆ ಕೊಂಬೆ ಸವರಿದ್ದೀರಾ ಎಂಬುದು. ಹೂ ಕೊಡುವ ಬಹುಪಾಲು ಕುಂಡದ ಗುಲಾಬಿಗಳಲ್ಲಿ ಮೊಗ್ಗು ಕೂರುವುದು ಹೊಸ ಚಿಗುರಿನ ತುದಿಯಲ್ಲಿ. ಚಿಗುರು ಬರಲು ಬೇಕಾದದ್ದು ಸಾರಜನಕ, ಮೊಗ್ಗಿನ ಹೆಸರಿನಲ್ಲಿ ನಾವು ಕಿತ್ತುಕೊಳ್ಳಹೊರಟಿರುವುದೂ ಅದನ್ನೇ. ಅತಿಯಾದರೆ ಬರೀ ಎಲೆ, ನಿಜ. ಅದಕ್ಕೆ ಪ್ರಮಾಣ ತಗ್ಗಿಸಬೇಕೇ ಹೊರತು ರಂಜಕ ಏರಿಸುವುದಲ್ಲ.

ಚೀಲದ ಮುಂಭಾಗದ ಅಂಕಿಗಿಂತ ಹಿಂಭಾಗದ ಸಣ್ಣಕ್ಷರ ನನಗೆ ಮುಖ್ಯ. ಸಾರಜನಕ ಯಾವ ರೂಪದಲ್ಲಿದೆ, ನೈಟ್ರೇಟೋ ಅಮೋನಿಯವೋ ಯೂರಿಯಾವೋ? ಯೂರಿಯಾ ಮೊದಲು ಅಮೋನಿಯವಾಗಿ, ಆಮೇಲೆ ಸೂಕ್ಷ್ಮಜೀವಿಗಳ ಕೈಯಲ್ಲಿ ನೈಟ್ರೇಟ್ ಆಗಬೇಕು. ಮಣ್ಣಿಲ್ಲದ ಹೊಸ ಕೊಕೊಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಅಂಥ ಜೀವಿಗಳು ಕಡಿಮೆ. ಕೊಕೊಪೀಟ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನೇ ಹಿಡಿದಿಟ್ಟುಕೊಳ್ಳುವುದೂ ಉಂಟು. ಮೂರು ಅಂಕಿಯಲ್ಲಿ ಇವೆರಡಕ್ಕೂ ಜಾಗವೇ ಇಲ್ಲ. ಬೇಕೆಂದಾಗ ಕ್ಯಾಲ್ಸಿಯಂ ನೈಟ್ರೇಟ್ ಪ್ರತ್ಯೇಕವಾಗಿ ಕೊಡಬೇಕು, ರಂಜಕದ ಗೊಬ್ಬರದ ಗಟ್ಟಿ ದ್ರಾವಣಕ್ಕೆ ಬೆರೆಸಬಾರದು. ಬೆರೆಸಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗಿ ತಳದಲ್ಲಿ ಸುಣ್ಣದಂಥ ಗಸಿ ನಿಲ್ಲುತ್ತದೆ. ಕೊಂಡ ಎರಡೂ ಗೊಬ್ಬರ ಅಲ್ಲಿಗೆ ಮುಗಿಯಿತು.

ಕುಂಡದ ಗಿಡಗಳಿಗೆ ನಾನು ಹೇಳುವ ಸೂತ್ರ 3-1-2ರ ಅನುಪಾತಕ್ಕೆ ಹತ್ತಿರವಿರುವುದು, ಎಲೆಗೂ ಹೂವಿಗೂ ಅದೇ. ಲೀಟರಿಗೆ ಅರ್ಧ ಗ್ರಾಂನಿಂದ ಶುರುಮಾಡಿ ಚಿಗುರು ನೋಡಿಕೊಂಡು ಏರಿಸುವುದು. ಚಮಚದ ಲೆಕ್ಕ ಬೇಡ. ಹರಳಿನ ಗಾತ್ರ ಬದಲಾದರೆ ಚಮಚದ ತೂಕವೂ ಬದಲಾಗುತ್ತದೆ.

ಅಂಕಣಕಾರರಲ್ಲಿ ನನ್ನ ಕೋರಿಕೆ ಇಷ್ಟೆ. ಗೊಬ್ಬರ ಸೂಚಿಸುವಾಗ ಲೀಟರಿಗೆ ಎಷ್ಟು ಗ್ರಾಂ ಎಂದು ಬರೆಯಿರಿ. ‘ವಾರಕ್ಕೊಮ್ಮೆ ಹಾಕಿ’ ಎಂದಷ್ಟೇ ಬರೆದರೆ ಓದುಗರು ಹಿಡಿಗಟ್ಟಲೆ ಹಾಕುತ್ತಾರೆ. ಉತ್ತರ ಕೊಡುವ ಮುನ್ನ ಕುಂಡದಲ್ಲಿ ತುಂಬಿರುವುದೇನು, ಬಿಸಿಲೆಷ್ಟು, ಈವರೆಗೆ ಹಾಕಿದ್ದೇನು ಎಂದು ಕೇಳಿ ಮುದ್ರಿಸಿ. ಆ ಗುಲಾಬಿಯ ಓದುಗರು ಈಗಾಗಲೇ ನಿಮ್ಮ ಸಲಹೆ ಪಾಲಿಸಿದ್ದರೆ ಸದ್ಯಕ್ಕೆ ಗೊಬ್ಬರ ನಿಲ್ಲಿಸಲಿ. ಕುಂಡದ ಅಳತೆಯ ಎರಡು ಪಟ್ಟು ಬರೀ ನೀರನ್ನು ನಿಧಾನವಾಗಿ ಹೊಯ್ದು, ತಳದ ತೂತಿನಿಂದ ಪೂರ್ತಿ ಬಸಿದುಹೋಗಲು ಬಿಡಲಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಲಿ, ಗಿಡಕ್ಕೆ ಮತ್ತೆ ಹಾಕಬಾರದು.

— ನಿವೃತ್ತ ಮಣ್ಣು ಪರೀಕ್ಷಾ ಸಹಾಯಕಿ