ಸಮುದ್ರ ಎಷ್ಟು ಎತ್ತರದಲ್ಲಿದೆ?

ಆತ್ಮೀಯ ಪೋಷಕರೇ,

ನಮಸ್ಕಾರ. ಐದನೇ ತರಗತಿಯ ಮಕ್ಕಳು ಮುಂದಿನ ಆರು ಶನಿವಾರ ಜಲವರ್ಣದಲ್ಲಿ ಸಮುದ್ರವನ್ನು ಬರೆಯಲಿದ್ದಾರೆ. ಬೆಂಗಳೂರಿನವರು ಸಮುದ್ರ ನೋಡಬೇಕಾದರೆ 900 ಮೀಟರ್ ಕೆಳಗಿಳಿಯಬೇಕು, ಕಣ್ಣೆದುರಿಗೆ ಇಲ್ಲದ್ದನ್ನು ಏಕೆ ಬರೆಸುತ್ತೀರಿ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಅದಕ್ಕೆ ಉತ್ತರ ಕೊಡಬೇಕಾದದ್ದು ನನ್ನ ಕರ್ತವ್ಯ.

ಕಳೆದ ವಾರ ಮಕ್ಕಳಿಗೆ ಏನನ್ನೂ ಹೇಳಿಕೊಡದೆ, ನಿಮಗೆ ತೋಚಿದ ಹಾಗೆ ಸಮುದ್ರ ಬರೆಯಿರಿ ಎಂದೆವು. ಒಬ್ಬ ಹುಡುಗಿ ಹಾಳೆಯ ಬುಡದಲ್ಲಿ ಒಂದು ನೀಲಿ ಪಟ್ಟಿ ಬಳಿದಳು, ತುದಿಯಲ್ಲಿ ಇನ್ನೊಂದು. ನಡುವೆ ಬರೀ ಬಿಳಿ. ‘ಇಲ್ಲಿ ಏನಿದೆ ಪುಟ್ಟಿ?’ ಎಂದು ಕೇಳಿದೆ. ‘ಏನೂ ಇಲ್ಲ ಮಿಸ್. ನೀರು ಕೆಳಗಿದೆ, ಆಕಾಶ ಮೇಲಿದೆ’ ಎಂದಳು. ಅವಳ ಮಾತಿನಲ್ಲಿ ತಪ್ಪೇನಿದೆ? ತನಗೆ ತಿಳಿದದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಾಳೆ. ನಿಂತ ಜಾಗದಿಂದ ಕಾಣುವುದನ್ನು ಬರೆಯುವುದು ಇದರ ಮುಂದಿನ ಮೆಟ್ಟಿಲು. ಚಿತ್ರಕಲೆಯಲ್ಲಿ ಪರ್ಸ್‌ಪೆಕ್ಟಿವ್ ಎನ್ನುವುದು ಇದನ್ನೇ.

ಬೀದಿ, ಕಟ್ಟಡಗಳಿಂದ ಇದನ್ನು ಕಲಿಸಬಹುದು. ಆದರೆ ಅಲ್ಲಿ ಸ್ಕೇಲು ಹಿಡಿದು ಹತ್ತಾರು ಗೆರೆಗಳನ್ನು ಒಂದೇ ಬಿಂದುವಿಗೆ ಕೂಡಿಸುವಷ್ಟರಲ್ಲಿ ಹತ್ತು ವರ್ಷದ ಮಗು ಬೇಸತ್ತು ಹೋಗುತ್ತದೆ. ಸಮುದ್ರದಲ್ಲಿ ಇರುವುದು ಒಂದೇ ಗೆರೆ, ದಿಗಂತದ್ದು. ಅದು ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲಿಯೇ ಕಾಣುತ್ತದೆ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹತ್ತಿದವರಿಗೆ ನೆನಪಿರಬಹುದು: ನಾವು ಮೇಲೇರಿದಂತೆ ಸಮುದ್ರವೂ ನಮ್ಮೊಂದಿಗೇ ಏರಿ ಬಂದ ಹಾಗಿರುತ್ತದೆ. ದಡದಲ್ಲಿ ನಿಂತ ಐದನೇ ತರಗತಿಯ ಮಗುವಿಗೆ ದಿಗಂತ ಸುಮಾರು 4 ಕಿಲೋಮೀಟರ್ ದೂರ. ಪಕ್ಕದಲ್ಲಿಯೇ ನಿಂತ ತಾಯಿಗೋ ತಂದೆಗೋ ಅದಕ್ಕಿಂತ ಅರ್ಧ ಕಿಲೋಮೀಟರ್ ಆಚೆಗೆ. ಒಂದೇ ಮರಳಿನ ಮೇಲೆ ನಿಂತರೂ ನಿಮ್ಮ ಗೆರೆ ಬೇರೆ, ಮಗುವಿನ ಗೆರೆ ಬೇರೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಜಲವರ್ಣವೇ ಏಕೆಂದರೆ, ಅದರಲ್ಲಿ ದೂರವನ್ನು ನೀರೇ ತೋರಿಸುತ್ತದೆ. ನಂದಿ ಬೆಟ್ಟದ ಮೇಲಿಂದ ಬೆಳಗ್ಗೆ ನೋಡಿದರೆ ಹಿಂದಿನ ಬೆಟ್ಟಗಳು ಒಂದಕ್ಕಿಂತ ಒಂದು ತೆಳುವಾಗುತ್ತಾ ಹೋಗುತ್ತವೆಯಲ್ಲವೇ? ನಡುವಿನ ಗಾಳಿಯ ಕೆಲಸ ಅದು. ಹಾಳೆಯಲ್ಲಿ ಆ ಗಾಳಿಯ ಬದಲು ಮಗು ಬಣ್ಣಕ್ಕೆ ನೀರು ಬೆರೆಸುತ್ತದೆ: ದೂರಕ್ಕೆ ತಿಳಿ, ಹತ್ತಿರಕ್ಕೆ ಗಾಢ. ದೂರದ ಅಲೆಗಳು ಕೂದಲೆಳೆಯಂತೆ ಒತ್ತೊತ್ತಾಗಿ, ಕಾಲ ಬಳಿಯ ಅಲೆಗಳು ಅಗಲವಾಗಿ, ಬಿಡಿಬಿಡಿಯಾಗಿ. ಮೊನ್ನೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಅರೆ ಒಣಗಿದ ಬ್ರಷ್ಷನ್ನು ಅಡ್ಡ ಹಿಡಿದು ಒರಟು ಕಾಗದದ ಮೇಲೆ ಸರ್ರನೆ ಎಳೆದರು. ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿತು, ತಗ್ಗುಗಳೆಲ್ಲ ಬೆಳ್ಳಗೆ ಉಳಿದವು. ‘ಬಿಸಿಲು ಬಿತ್ತು!’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಆ ಕೂಗು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮೂರನೇ ಶನಿವಾರ ಬೆಳಗ್ಗೆ 7ಕ್ಕೆ ಮಕ್ಕಳನ್ನು ಸ್ಯಾಂಕಿ ಕೆರೆಗೆ ಕರೆದೊಯ್ಯುತ್ತೇವೆ. ಆಚೆ ದಡದ ಮರಗಳು ಅಡ್ಡ ಬರುವುದರಿಂದ ಅಲ್ಲಿ ದಿಗಂತ ಕಾಣದು, ನಿಜ. ಆದರೆ ದೂರ ಹೋದಂತೆ ನೀರಿನ ಸುಕ್ಕುಗಳು ಹೇಗೆ ಒತ್ತಾಗುತ್ತವೆ ಎಂಬುದನ್ನು ನೋಡಲು ಕೆರೆ ಸಾಕು. ಕೆ. ವೆಂಕಟಪ್ಪನವರು (1886–1965) ಬರೆದ ಊಟಿಯ ಜಲವರ್ಣ ಚಿತ್ರಗಳ ಮುದ್ರಿತ ಪ್ರತಿಗಳನ್ನೂ ತರಗತಿಯಲ್ಲಿ ತೋರಿಸುತ್ತೇವೆ.

ಸಾಮಾನು ಹೆಚ್ಚೇನೂ ಬೇಡ. ದಪ್ಪ ಡ್ರಾಯಿಂಗ್ ಹಾಳೆಗಳನ್ನು ಶಾಲೆಯೇ ಕೊಡುತ್ತದೆ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ನಿಂಬೆ ಹಳದಿ ಈ ಮೂರು ಟ್ಯೂಬು, ಒಂದು ದಪ್ಪ ಬ್ರಷ್, ಒರೆಸಲು ಹಳೆಯ ಬನಿಯನ್ ಬಟ್ಟೆ ಕಳುಹಿಸಿ. ನೀಲಿಗೆ ಸಿಯೆನ್ನಾ ಬೆರೆಸಿದರೆ ಮಳೆಗಾಲದ ಕಡಲಿನ ಬೂದು ಬಣ್ಣ ಬರುತ್ತದೆ. ಬಿಳಿ ಟ್ಯೂಬ್ ಮಾತ್ರ ಬೇಡ. ನೊರೆಗೆ ಕಾಗದದ ಬಿಳುಪನ್ನೇ ಬಿಟ್ಟುಕೊಳ್ಳುವುದನ್ನು ಮಕ್ಕಳು ಕಲಿಯಬೇಕು.

ಇನ್ನು ಮನಸ್ಸಿಗೆ ನೋವಾದ ಒಂದು ವಿಷಯ. ಕಳೆದ ವರ್ಷದ ಪ್ರದರ್ಶನದಲ್ಲಿ ಹಲವು ಚಿತ್ರಗಳನ್ನು ಮನೆಯಲ್ಲಿ ದೊಡ್ಡವರು ತಿದ್ದಿ ಕಳುಹಿಸಿದ್ದರು. ಪ್ರೀತಿಯಿಂದಲೇ ತಿದ್ದಿದ್ದೀರಿ, ನನಗೆ ಗೊತ್ತು. ಆದರೆ ತನ್ನ ಚಿತ್ರದ ಮುಂದೆ ನಿಂತ ಒಬ್ಬ ಹುಡುಗ ‘ಇದು ನನ್ನ ಅಲೆ ಅಲ್ಲ’ ಎಂದು ತಲೆ ತಗ್ಗಿಸಿದ. ನಿಮ್ಮ ದಿಗಂತವನ್ನು ಮಗುವಿನ ಹಾಳೆಯ ಮೇಲೆ ಎಳೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒದ್ದೆ ಹಾಳೆ ಮನೆಗೆ ಬಂದರೆ ಮಡಚದೆ, ಫ್ಯಾನಿನ ಕೆಳಗೆ ಒಣಗಲು ಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ